ಹಾಸಿಗೆ ಎಷ್ಟು ಉದ್ದವಿರಬೇಕು?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು. ಸಾಲ ಮಾಡಹೊರಟ ಮಗನಿಗೆ ತಂದೆ, ಹೊಸ ಪಾತ್ರೆ ಕೇಳಿದ ಸೊಸೆಗೆ ಅತ್ತೆ, ಸಂಬಳ ಸಾಲದೆಂದ ಗುಮಾಸ್ತನಿಗೆ ಸಾಹುಕಾರ, ಎಲ್ಲರೂ ಇದನ್ನೇ ಹೇಳಿದ್ದಾರೆ. ಗಾದೆ ಒಳ್ಳೆಯದೇ, ಅದನ್ನು ನಂಬಿ ಕೆಟ್ಟವರಿಗಿಂತ ನಂಬದೆ ಕೆಟ್ಟವರೇ ಹೆಚ್ಚು. ಆದರೆ ಒಂದು ಸಂಗತಿಯನ್ನು ನಾವು ಗಮನಿಸಿದಂತಿಲ್ಲ. ಈ ಗಾದೆ ಕಾಲಿಗೆ ಬುದ್ಧಿ ಹೇಳುತ್ತದೆಯೇ ಹೊರತು ಹಾಸಿಗೆಯ ವಿಚಾರವನ್ನು ಎತ್ತುವುದೇ ಇಲ್ಲ. ಹಾಸಿಗೆ ಎಷ್ಟು ಉದ್ದವಿರಬೇಕು? ಅಳೆದು ನೋಡಿ ಇಷ್ಟು ಸಾಕೆಂದು ಹೇಳಿದವರು ಯಾರು? ಇನ್ನಷ್ಟು ಹಣ ಕೊಟ್ಟರೆ ಇನ್ನಷ್ಟು ಉದ್ದವಾಗುವ ಹಾಸಿಗೆಯ ಮೇಲೆ ಮಲಗಿದವನು ಏನು ಮಾಡಬೇಕು? ಕೆಲವು ಕಾಲದ ಹಿಂದೆ ಈ ಪ್ರಶ್ನೆಗಳು ನನ್ನ ಮುಂದೆ ಬಂದು ನಿಂತವು. ಬಂದದ್ದು ಹಡಗಿನ ಕೋಣೆಯೊಂದರ ವೇಷದಲ್ಲಿ.

ನಾನು ನಿವೃತ್ತ ಅಧ್ಯಾಪಕ. ನಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬಿದಾಗ, ನೆಂಟರಿಷ್ಟರನ್ನು ಕರೆದು ಊಟ ಹಾಕಿಸುವುದಕ್ಕಿಂತ ನಾವಿಬ್ಬರೇ ಎಲ್ಲಿಗಾದರೂ ಹೋಗಿ ಬರೋಣವೆಂದು ನನ್ನಾಕೆ ಸೂಚಿಸಿದಳು. ಸಮುದ್ರದ ಮೇಲೆ ಹೋಗೋಣವೆಂದೂ ಅವಳೇ ಹೇಳಿದಳು. ಬಯಲುಸೀಮೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಸಂಸಾರ ಮಾಡಿದ ಆಕೆ ಸಮುದ್ರವನ್ನು ಕಂಡದ್ದು ಒಂದೇ ಸಲ, ಮದುವೆಯಾದ ಹೊಸತರಲ್ಲಿ ಗೋಕರ್ಣಕ್ಕೆ ಹೋದಾಗ, ಒಂದು ಸಂಜೆಯ ಮಟ್ಟಿಗೆ. ವಿಚಾರಿಸಿ ನೋಡಿ, ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್‌ಗಳನ್ನು ಮುಟ್ಟಿಕೊಂಡು ನಾಲ್ಕು ರಾತ್ರಿಗಳಲ್ಲಿ ಸಿಂಗಪುರಕ್ಕೇ ಹಿಂದಿರುಗುವ ವಿಹಾರದ ಹಡಗೊಂದರಲ್ಲಿ ಕೋಣೆ ಗೊತ್ತುಮಾಡಿದೆ.

ಇಂಥ ಹಡಗುಗಳನ್ನು ಕಾಣದವರಿಗೆ ಒಂದೆರಡು ಮಾತು ಹೇಳಬೇಕು. ಇವು ಊರಿಂದ ಊರಿಗೆ ಜನರನ್ನು ದಾಟಿಸುವ ಹಡಗುಗಳಲ್ಲ, ತೇಲುವ ಪಟ್ಟಣಗಳು. 2024ರಲ್ಲಿ ಮೊದಲ ಯಾನ ಮಾಡಿದ ‘ಐಕಾನ್ ಆಫ್ ದಿ ಸೀಸ್’ ಎಂಬ ಹಡಗಿಗೆ ಇಪ್ಪತ್ತು ಅಂತಸ್ತು. ಪೂರ್ತಿ ತುಂಬಿದರೆ ಅದರಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರಿಗೆ ಸ್ಥಳವುಂಟು. ನಾವು ಹತ್ತಿದ್ದು ಅಷ್ಟು ದೊಡ್ಡದಲ್ಲವಾದರೂ ಕೋಣೆಗಳ ವರ್ಣಾಶ್ರಮ ಮಾತ್ರ ಎಲ್ಲೆಡೆಯೂ ಒಂದೇ. ಎಲ್ಲಕ್ಕಿಂತ ಅಗ್ಗವಾದದ್ದು ಒಳಕೋಣೆ. ಅದು ಹಡಗಿನ ಹೊಟ್ಟೆಯೊಳಗಿರುತ್ತದೆ, ಕಿಟಕಿಯಿಲ್ಲ. ಅದರ ಮೇಲಿನದು ಕಿಟಕಿಯ ಕೋಣೆ. ಕಿಟಕಿ ಇರುತ್ತದೆ, ಆದರೆ ತೆರೆಯಲು ಬಾರದು. ಗಾಜಿನ ಮೂಲಕ ಸಮುದ್ರವನ್ನು ನೋಡಬಹುದು. ಅದಕ್ಕೂ ಮೇಲಿನದು ಬಾಲ್ಕನಿಯ ಕೋಣೆ. ಎಲ್ಲಕ್ಕೂ ಮೇಲೆ, ಹಜಾರ ಬೇರೆ, ಮಲಗುವ ಕೋಣೆ ಬೇರೆ ಇರುವ ‘ಸೂಟ್’ಗಳು. ಈಗ ಹೇಳಿದ ದೊಡ್ಡ ಹಡಗಿನಲ್ಲಂತೂ ಕಿಟಕಿಯಿಲ್ಲದ ಕೋಣೆಯೂ ಇದೆ, ಮೂರು ಅಂತಸ್ತಿನ ಮನೆಯೂ ಇದೆ. ಒಂದೇ ಹಡಗು, ಒಂದೇ ಸಮುದ್ರ, ಒಂದೇ ದಿಕ್ಕು.

ನಾನು ಆರಿಸಿದ್ದು ಒಳಕೋಣೆಯನ್ನು. ಹಗಲೆಲ್ಲ ಮೇಲಿನ ಅಟ್ಟದಲ್ಲಿ ಓಡಾಡಿಕೊಂಡಿರುತ್ತೇವೆ, ಕೋಣೆಗೆ ಬರುವುದು ಮಲಗುವುದಕ್ಕೆ ಮಾತ್ರ, ಕಣ್ಣು ಮುಚ್ಚಿದ ಮೇಲೆ ಕಿಟಕಿ ಯಾತಕ್ಕೆ, ಎಂಬುದು ನನ್ನ ತರ್ಕ. ತರ್ಕದಲ್ಲಿ ದೋಷವಿರಲಿಲ್ಲ. ನನ್ನಾಕೆ “ನಿಮಗೆ ಸರಿ ಕಂಡಂತೆ ಮಾಡಿ” ಎಂದಳು. ಆ ಮಾತನ್ನು ನಾನು ಒಪ್ಪಿಗೆಯೆಂದು ತಿಳಿದೆ.

ಹೊರಡುವುದಕ್ಕೆ ಒಂದು ತಿಂಗಳಿರುವಾಗ ಹಡಗಿನವರಿಂದ ಒಂದು ಓಲೆ ಬಂತು. ಕಾಗದದ ಓಲೆಯಲ್ಲ, ಈ ಕಾಲದ ಮಿಂಚಂಚೆ. ತಾವು ಇನ್ನೂ ದೊಡ್ಡ ಕೋಣೆಗೆ ಏರಬಹುದು, ಅದಕ್ಕೆ ಎಷ್ಟು ಕೊಡಬಲ್ಲಿರೆಂದು ತಾವೇ ಹೇಳಿ, ಎಂದು ಅದರಲ್ಲಿತ್ತು. ಇದೊಂದು ಬಗೆಯ ಹರಾಜು. ತುಂಬದೆ ಉಳಿದ ದೊಡ್ಡ ಕೋಣೆಗಳಿಗೆ ಪ್ರಯಾಣಿಕರು ಬೆಲೆ ಕೂಗಬೇಕು. ಪರದೆಯ ಮೇಲೆ ಒಂದು ಗುಂಡಿ. ಅದನ್ನು ಬಲಕ್ಕೆ ಎಳೆದಷ್ಟೂ ಮೊತ್ತ ಏರುತ್ತದೆ, ನಮ್ಮ ಕೂಗು ದುರ್ಬಲ, ಸಾಧಾರಣ, ಪ್ರಬಲ ಎಂದು ಪಕ್ಕದಲ್ಲೇ ಬಣ್ಣ ಬದಲಾಗುತ್ತದೆ. ಕೂಗಿದ ಹಣ ತಲೆಗಿಷ್ಟು ಎಂದು ಲೆಕ್ಕ. ಒಪ್ಪಿಗೆಯಾದರೆ ಹಣ ವಾಪಸಿಲ್ಲ. ಕೋಣೆ ಹಡಗಿನ ಯಾವ ಮೂಲೆಯಲ್ಲಿ ಸಿಕ್ಕುತ್ತದೆಂಬುದೂ ನಮ್ಮ ಕೈಯಲ್ಲಿಲ್ಲ. ನಾನು ಆ ಗುಂಡಿಯನ್ನು ಸುಮ್ಮನೆ ಎಳೆದು ನೋಡಿದೆ. ಬಾಲ್ಕನಿಯ ಕೋಣೆಗೆ ‘ಸಾಧಾರಣ’ ಎಂಬ ಬಣ್ಣ ಬರುವ ಹೊತ್ತಿಗೆ ಒಂದು ತಿಂಗಳ ಪಿಂಚಣಿಯಲ್ಲಿ ಅರ್ಧ ಹೋಗಿತ್ತು.

ವಿಚಿತ್ರವೆಂದರೆ, ಆ ಓಲೆ ಬರುವ ತನಕ ನಾನು ನನ್ನ ಒಳಕೋಣೆಯಲ್ಲಿ ಬಹಳ ಸುಖವಾಗಿದ್ದೆ. ಇನ್ನೂ ಕಾಲಿಡದಿದ್ದರೂ ಮನಸ್ಸಿನಲ್ಲಿ ಅಲ್ಲಿ ವಾಸ ಮಾಡಿಯಾಗಿತ್ತು. ಓಲೆ ಬಂದ ಮರುಗಳಿಗೆಯಲ್ಲೇ ಅದು ಇಕ್ಕಟ್ಟಾಯಿತು, ಕತ್ತಲೆಯಾಯಿತು. ಗೋಡೆಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಹದಿನೆಂಟನೆಯ ಶತಮಾನದ ಫ್ರೆಂಚ್ ಲೇಖಕ ದಿದರೋ ತನ್ನ ಹಳೆಯ ನಿಲುವಂಗಿಯ ಮೇಲೆ ಒಂದು ಪ್ರಬಂಧ ಬರೆದಿದ್ದಾನೆ. ಬೆಲೆಬಾಳುವ ಹೊಸ ನಿಲುವಂಗಿಯೊಂದು ಮನೆಗೆ ಬಂದದ್ದೇ ತಡ, ಅದರ ಪಕ್ಕದಲ್ಲಿ ಅವನ ಹಳೆಯ ಕುರ್ಚಿ ಬಡವಾಯಿತು, ಮೇಜು ಬಡವಾಯಿತು, ಗೋಡೆಯ ಚಿತ್ರಗಳು ಬಡವಾದವು. ಒಂದೊಂದನ್ನಾಗಿ ಬದಲಾಯಿಸುತ್ತ ಹೋಗಿ ಕೊನೆಗೆ ಆತ ತನ್ನ ಹಳೆಯ ಅಂಗಿಗಾಗಿ ಹಂಬಲಿಸಿದ. ಅವನಿಗಾದರೂ ಹೊಸ ಅಂಗಿ ಕೈಗೆ ಬಂದಿತ್ತು. ನನಗೆ ಬಂದದ್ದು ಅಂಗಿಯ ಬೆಲೆಪಟ್ಟಿ ಮಾತ್ರ.

ಇಷ್ಟಾದ ಮೇಲೆ ಸಲಹೆಗೆ ಕೊರತೆಯೇ? ಹೊರದೇಶದಲ್ಲಿರುವ ಮಗ ಫೋನಿನಲ್ಲಿ, “ಅಪ್ಪ, ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ಯಾವಾಗ? ಸುಮ್ಮನೆ ದೊಡ್ಡದು ತಗೊಳ್ಳಿ, ನಾನು ಹಣ ಕಳಿಸ್ತೀನಿ” ಎಂದ. ಉದ್ಯಾನದಲ್ಲಿ ಬೆಳಗಿನ ಹೊತ್ತು ಜತೆಗೂಡಿ ನಡೆಯುವ ಮಿತ್ರರು ಇದಕ್ಕೆ ವಿರುದ್ಧ. “ನಾಲ್ಕು ರಾತ್ರಿ ನಿದ್ದೆ ಮಾಡೋದಕ್ಕೆ ಅಷ್ಟು ಹಣವೇ ಸ್ವಾಮಿ? ಆ ದುಡ್ಡಿನಲ್ಲಿ ಒಬ್ಬ ಹುಡುಗನ ಒಂದು ವರ್ಷದ ಫೀಜು ಕಟ್ಟಬಹುದು” ಎಂದರು. ಎರಡೂ ನ್ಯಾಯವಾದ ಮಾತುಗಳೇ. ಮಗನ ಮಾತಿನಲ್ಲಿ ಒಂದು ತೊಡಕಿದೆ: ದುಡಿದವರಿಗೆಲ್ಲ ದೊಡ್ಡ ಕೋಣೆ ಸಲ್ಲಬೇಕಾದರೆ ಹಡಗಿನ ತಳದಲ್ಲಿ ಯಂತ್ರದ ಬಳಿ ಬೆವರು ಸುರಿಸುವವನಿಗೆ ಮೊದಲು ಸಲ್ಲಬೇಕಲ್ಲ? ಮಿತ್ರರ ಮಾತಿನಲ್ಲೂ ಒಂದು ತೊಡಕಿದೆ: ಹುಡುಗನ ಫೀಜಿನ ನೆನಪು ಬಾಲ್ಕನಿಯ ಮುಂದೆ ಬಂದು ನಿಲ್ಲುವುದಾದರೆ ಒಳಕೋಣೆಯ ಮುಂದೆ ಏಕೆ ನಿಲ್ಲಲಿಲ್ಲ? ಹೋಗದೆಯೇ ಇದ್ದಿದ್ದರೆ ಮೂವರು ಹುಡುಗರ ಫೀಜು ಕಟ್ಟಬಹುದಿತ್ತು. ಪರೋಪಕಾರದ ಲೆಕ್ಕವನ್ನು ನಾವು ಯಾವಾಗಲೂ ನಮಗೆ ಬೇಡವಾದ ಮೆಟ್ಟಿಲಿನಿಂದಲೇ ಪ್ರಾರಂಭಿಸುತ್ತೇವೆ.

ಹೀಗೆ ಡೋಲಾಯಮಾನವಾಗಿದ್ದ ಮನಸ್ಸಿಗೆ ನನ್ನಂಥವರು ಎಲ್ಲರೂ ಮಾಡುವಂತೆ ನಾನೂ ಗಾಂಧೀಜಿಯನ್ನು ಆಶ್ರಯಿಸಿದೆ. ಹಡಗಿನ ಕೋಣೆಯ ವಿಚಾರದಲ್ಲಿ ಅವರಷ್ಟು ಅನುಭವವುಳ್ಳವರು ಕಡಿಮೆ. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೊರಟಾಗ ಅವರು ಇಪ್ಪತ್ಮೂರರ ಬ್ಯಾರಿಸ್ಟರು. ಮೊಜಾಂಬಿಕಿನ ಗವರ್ನರ್ ಜನರಲ್ ಅದೇ ಹಡಗಿನಲ್ಲಿ ಹೊರಟಿದ್ದರಿಂದ ಮೊದಲ ದರ್ಜೆಯಲ್ಲಿ ಒಂದು ಸ್ಥಳವೂ ಉಳಿದಿರಲಿಲ್ಲ. ಅಟ್ಟದ ಮೇಲೆ ಹೋಗಬಹುದೆಂದು ಕಂಪನಿಯ ಏಜೆಂಟರು ಹೇಳಿದರೆ, ಬ್ಯಾರಿಸ್ಟರೊಬ್ಬ ಅಟ್ಟದ ಪ್ರಯಾಣಿಕನಾಗುವುದೇ ಎಂದು ಗಾಂಧಿ ಒಪ್ಪಲಿಲ್ಲ. ತಾವೇ ಹಡಗು ಹತ್ತಿ ಮುಖ್ಯಾಧಿಕಾರಿಯನ್ನು ಕಂಡು ಕೇಳಿದರು. ಆತ ತನ್ನ ಸ್ವಂತ ಕೋಣೆಯಲ್ಲಿ ಇದ್ದ ಇನ್ನೊಂದು ಹಾಸಿಗೆಯನ್ನು ಬಿಟ್ಟುಕೊಟ್ಟ. ಇಪ್ಪತ್ತೊಂದು ವರ್ಷ ಕಳೆದು, 1914ರಲ್ಲಿ, ಅದೇ ಗಾಂಧಿ ಆಫ್ರಿಕದಿಂದ ಇಂಗ್ಲೆಂಡಿಗೆ ಹೊರಟರು. ಜತೆಯಲ್ಲಿ ಕಸ್ತೂರಬಾ ಮತ್ತು ಮಿತ್ರ ಕ್ಯಾಲನ್‌ಬಾಕ್. ಈ ಸಲ ಮೂರನೆಯ ದರ್ಜೆ. ಕ್ಯಾಲನ್‌ಬಾಕರ ಬಳಿ ಬೆಲೆಬಾಳುವ ದುರ್ಬೀನುಗಳಿದ್ದವು. ನಾವು ತಲುಪಬೇಕೆಂದಿರುವ ಸರಳತೆಗೆ ಇದು ಒಪ್ಪುವುದೇ ಎಂದು ಮಿತ್ರರಿಬ್ಬರೂ ದಿನವೂ ಚರ್ಚಿಸಿದರು. ಕೊನೆಗೆ ಒಂದು ದಿನ, ಇದು ನಮ್ಮಿಬ್ಬರ ನಡುವೆ ಜಗಳದ ವಸ್ತುವಾಗುವುದಕ್ಕಿಂತ ಸಮುದ್ರಕ್ಕೆ ಹೋಗಲಿ ಎಂದು ಗಾಂಧಿ ಹೇಳಲು, ಕ್ಯಾಲನ್‌ಬಾಕ್ ಸಂತೋಷವಾಗಿ ಒಪ್ಪಿದರು. ಏಳು ಪೌಂಡಿನ ದುರ್ಬೀನು ಅಟ್ಲಾಂಟಿಕ್ ಸಾಗರದ ಪಾಲಾಯಿತು.

ಇದನ್ನು ಮತ್ತೊಮ್ಮೆ ಓದಿದ ಮೇಲೆ ನನ್ನ ಸಂದೇಹವೆಲ್ಲ ಹರಿಯಿತು. ಒಳಕೋಣೆಯೇ ಸರಿ. ಜೈನರ ಅಪರಿಗ್ರಹವೂ ನೆನಪಿಗೆ ಬಂತು. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿ ಮನಸ್ಸು ಮೂರ್ಛೆಹೋಗುವುದು ಎಂಬ ಅವರ ವಿವರಣೆ ಬಹಳ ಸೂಕ್ಷ್ಮವಾದದ್ದು. ಆ ಸಂಜೆ ಕಾಫಿಯ ಹೊತ್ತಿಗೆ ಇದನ್ನೆಲ್ಲ ನನ್ನಾಕೆಗೆ ವಿಸ್ತಾರವಾಗಿ ಹೇಳಿದೆ. ದಿದರೋ ಆಯಿತು, ದುರ್ಬೀನು ಆಯಿತು, ಮೂರ್ಛೆಯೂ ಆಯಿತು. ಅವಳು ಹುರುಳಿಕಾಯಿ ಬಿಡಿಸುತ್ತ ಎಲ್ಲವನ್ನೂ ಕೇಳಿದಳು. ಆಮೇಲೆ ತಲೆಯೆತ್ತದೆ ಹೇಳಿದಳು:

“ಅಲ್ಲಾ ರೀ, ನನಗೆ ದೊಡ್ಡ ಕೋಣೆ ಬೇಡ. ಒಂದು ಕಿಟಕಿ ಇದ್ದಿದ್ದರೆ ಚೆನ್ನಾಗಿತ್ತು. ವಠಾರದ ಅಡಿಗೆಮನೆ ನೆನಪಿದೆಯಾ ನಿಮಗೆ?”

ನೆನಪಿತ್ತು. ಮದುವೆಯಾದ ಮೇಲೆ ನಾವು ಚಾಮರಾಜಪೇಟೆಯ ವಠಾರವೊಂದರಲ್ಲಿ ಹದಿಮೂರು ವರ್ಷ ಇದ್ದೆವು. ಎರಡು ಕೋಣೆ, ಒಂದು ಅಡಿಗೆಮನೆ. ಅಡಿಗೆಮನೆಗೆ ಕಿಟಕಿಯಿರಲಿಲ್ಲ; ಮೇಲೆ ಒಂದು ಗವಾಕ್ಷಿ, ಅದಕ್ಕೂ ಪಕ್ಕದ ಮನೆಯ ಗೋಡೆ ಅಡ್ಡ. ಮೊದಲ ಕೆಲವು ವರ್ಷ ಸೀಮೆಎಣ್ಣೆಯ ಸ್ಟೌ. ಹಗಲು ಹನ್ನೆರಡು ಗಂಟೆಗೂ ದೀಪ ಹಾಕಿಕೊಂಡೇ ಅವಳು ಅನ್ನ ಬಸಿಯುತ್ತಿದ್ದಳು. ನಾಲ್ಕನೆಯ ವರ್ಷವೋ ಐದನೆಯ ವರ್ಷವೋ ಹಿಂದಿನ ಬೀದಿಯಲ್ಲಿ ಒಂದು ಮನೆ ಖಾಲಿಯಾಯಿತು. ಅದರ ಅಡಿಗೆಮನೆಗೆ ಪೂರ್ವಕ್ಕೆ ಕಿಟಕಿ, ಕಿಟಕಿಯ ಹೊರಗೆ ನುಗ್ಗೆಯ ಮರ. ಬಾಡಿಗೆ ನೂರೈವತ್ತು ರೂಪಾಯಿ ಹೆಚ್ಚು. ಇಬ್ಬರೂ ಹೋಗಿ ನೋಡಿಬಂದೆವು. ದಾರಿಯಲ್ಲಿ ನಾನು, “ನಮಗೆ ಇದೇ ಸಾಕು” ಎಂದೆ. ಅವಳು “ಹೂಂ” ಎಂದಳು. ಕೊಡುವ ಶಕ್ತಿ ನಮಗೆ ಇರಲಿಲ್ಲವೆಂದಲ್ಲ. ಆ ವರ್ಷ ನಾನು ಕೊಂಡ ಪುಸ್ತಕಗಳಿಗೆ ಅದಕ್ಕಿಂತ ಹೆಚ್ಚು ಖರ್ಚಾಗಿತ್ತು. ಮುಂದೆ ಎಷ್ಟೋ ವರ್ಷ, ಸರಳ ಜೀವನದ ಮಾತು ಬಂದಾಗಲೆಲ್ಲ, ಆ ವಠಾರದ ಮನೆಯ ಕಥೆಯನ್ನು ನಾನು ಮಿತ್ರರ ಮುಂದೆ, ವಿದ್ಯಾರ್ಥಿಗಳ ಮುಂದೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದೇನೆ. ಹದಿಮೂರು ವರ್ಷದಲ್ಲಿ ನಾನು ಆ ಅಡಿಗೆಮನೆಯಲ್ಲಿ ನಿಂತ ಹೊತ್ತನ್ನೆಲ್ಲ ಸೇರಿಸಿದರೆ ಎರಡು ದಿನವಾದೀತೋ ಇಲ್ಲವೋ.

ನನ್ನ ಸರಳತೆಗೆ ಬೆಲೆ ತೆತ್ತವರು ಯಾರೆಂಬುದು ನನಗೆ ನಲವತ್ತನೆಯ ವರ್ಷದಲ್ಲಿ ತಿಳಿಯಿತು. ಓದುಗರು ಇದನ್ನು ಹೆಂಡತಿಗೆ ಹೆದರಿದವನ ಪಶ್ಚಾತ್ತಾಪವೆಂದು ತಿಳಿಯಬಾರದು. ಇಲ್ಲಿ ಒಂದು ನೀತಿಯ ಪ್ರಶ್ನೆಯಿದೆಯೆಂದು ನನ್ನ ಭಾವನೆ. ‘ಬೇಕು’ ಎನ್ನುವುದರಲ್ಲಿ ಅಪಾಯವಿದೆಯೆಂದು ಎಲ್ಲ ಧರ್ಮಗಳೂ ಎಚ್ಚರಿಸಿವೆ. ಅದು ನಮಗೆ ಬಾಯಿಪಾಠವಾಗಿದೆ. ‘ಸಾಕು’ ಎನ್ನುವುದರಲ್ಲೂ ಒಂದು ಅಪಾಯವಿದೆಯೆಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ. ತನಗೆ ಸಾಕೆಂದು ಹೇಳಿಕೊಳ್ಳುವುದು ತೃಪ್ತಿ. ಇನ್ನೊಬ್ಬರಿಗೆ ಇಷ್ಟು ಸಾಕೆಂದು ತಾನೇ ಹೇಳಿಬಿಡುವುದು ಅಧಿಕಾರ. ಎರಡಕ್ಕೂ ಮಾತು ಒಂದೇ ಆದ್ದರಿಂದ, ಅಧಿಕಾರ ನಡೆಸುತ್ತಿರುವಾಗಲೂ ನಾವು ತೃಪ್ತರೆಂದು ನಮಗೆ ತೋರುತ್ತದೆ. ‘ನಮಗೆ ಸಾಕು’ ಎಂಬ ಬಹುವಚನದಲ್ಲಿ ಎಷ್ಟು ಜನ ಮಾತಾಡಿದ್ದಾರೆ, ಎಷ್ಟು ಜನ ಹೂಂಗುಟ್ಟಿದ್ದಾರೆ ಎಂದು ಎಣಿಸಿದವರು ಕಡಿಮೆ.

ದುರ್ಬೀನಿನ ಕಥೆ ಈಗ ನನಗೆ ಬೇರೆಯಾಗಿ ಕಂಡಿತು. ದುರ್ಬೀನು ಗಾಂಧಿಯದಲ್ಲ, ಕ್ಯಾಲನ್‌ಬಾಕರದು. ಗಾಂಧಿ ಅದನ್ನು ರಾತ್ರೋರಾತ್ರಿ ಎತ್ತಿ ಎಸೆಯಲಿಲ್ಲ. ದಿನವೂ ವಾದ ನಡೆಯಿತು. ಆ ಮಿತ್ರ ತನ್ನ ಬಾಯಿಂದಲೇ ಆಗಲೆಂದ ಮೇಲೆ ಅದು ನೀರಿಗೆ ಹೋಯಿತು. ಕಥೆಯ ಸಾರ ಎಸೆದದ್ದರಲ್ಲಿ ಎಷ್ಟಿದೆಯೋ ಕೇಳಿದ್ದರಲ್ಲೂ ಅಷ್ಟೇ ಇದೆ. ಇನ್ನೊಂದು ಮಾತು: ಆ ಹಡಗಿನ ಮೂರನೆಯ ದರ್ಜೆಯಲ್ಲಿ ಸಾಕಷ್ಟು ಸ್ಥಳವೂ ಚೊಕ್ಕಟವೂ ಇತ್ತೆಂದು ಗಾಂಧಿಯೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಣ್ಣು ಮತ್ತು ಬೀಜಗಳನ್ನಷ್ಟೇ ತಿನ್ನುತ್ತಿದ್ದ ಅವರಿಗೆ ಅವನ್ನು ಒದಗಿಸುವಂತೆ ಹಡಗಿನವರಿಗೆ ಮೊದಲೇ ಅಪ್ಪಣೆಯಾಗಿತ್ತು. ಕಷ್ಟ ಪಡುವುದೇ ಅವರ ಗುರಿಯಾಗಿರಲಿಲ್ಲ. ಅದನ್ನು ನನ್ನಂಥ ಭಕ್ತರು ಓದುವಾಗ ಬಿಟ್ಟುಬಿಡುತ್ತೇವೆ.

ಸಮುದ್ರದ ಚರಿತ್ರೆಯಲ್ಲಿ ಇನ್ನೊಬ್ಬರ ಪರವಾಗಿ ಹೇಳಿದ ‘ಸಾಕು’ ಎಷ್ಟು ಘೋರವಾಗಬಹುದೆಂಬುದಕ್ಕೆ 1912ರ ಟೈಟಾನಿಕ್ ಸಾಕ್ಷಿ. ಹತ್ತು ಸಾವಿರ ಟನ್ ಮೀರಿದ ಹಡಗಿಗೆ ಹದಿನಾರು ರಕ್ಷಣಾ ದೋಣಿಗಳು ಸಾಕೆಂದು ಬ್ರಿಟಿಷ್ ಕಾನೂನು ಹೇಳುತ್ತಿತ್ತು. ಟೈಟಾನಿಕ್ಕಿನ ಗಾತ್ರ ನಲವತ್ತಾರು ಸಾವಿರ ಟನ್; ಅದರಲ್ಲಿ ಇಪ್ಪತ್ತು ದೋಣಿಗಳಿದ್ದವು. ಕಾನೂನಿನ ಪ್ರಕಾರ ಸಾಕಾದದ್ದಕ್ಕಿಂತ ನಾಲ್ಕು ಹೆಚ್ಚೇ. ಆ ಇಪ್ಪತ್ತರಲ್ಲಿ ಕುಳಿತುಕೊಳ್ಳಬಹುದಾಗಿದ್ದವರು 1,178 ಮಂದಿ. ಹಡಗಿನಲ್ಲಿದ್ದವರು ಸುಮಾರು 2,200. ಅಂದು ಸತ್ತವರು ಸುಮಾರು 1,500. ಮೊದಲ ದರ್ಜೆಯ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನ ಉಳಿದುಕೊಂಡರು, ಮೂರನೆಯ ದರ್ಜೆಯವರಲ್ಲಿ ನೂರಕ್ಕೆ ಸುಮಾರು ಇಪ್ಪತ್ತೈದು. ಕೋಣೆಯ ದರ್ಜೆಗೂ ಪ್ರಾಣಕ್ಕೂ ಅಂಥ ನಂಟಿತ್ತು. 1914ರಲ್ಲಿ ರಾಷ್ಟ್ರಗಳು ಲಂಡನ್ನಿನಲ್ಲಿ ಸೇರಿ, ಹಡಗಿನಲ್ಲಿರುವ ಪ್ರತಿಯೊಬ್ಬನಿಗೂ ದೋಣಿಯಲ್ಲಿ ಸ್ಥಳವಿರಬೇಕೆಂದು ಒಪ್ಪಂದ ಮಾಡಿಕೊಂಡವು. ಇಂದು ಹಡಗು ಹತ್ತಿದವರೆಲ್ಲರಿಗೂ ಅಪಾಯ ಬಂದಾಗ ಎಲ್ಲಿ ಸೇರಬೇಕೆಂದು ತಿಳಿಸುವ ಒಂದು ತಾಲೀಮು ನಡೆಯುತ್ತದೆ. ಸೂಟಿನವನಿಗೂ ಒಳಕೋಣೆಯವನಿಗೂ ಅದರಿಂದ ವಿನಾಯಿತಿಯಿಲ್ಲ. ಮಿಕ್ಕೆಲ್ಲ ದರ್ಜೆಗಳು ಹಾಗೇ ಉಳಿದಿವೆ. ‘ಕ್ವೀನ್ ಮೇರಿ 2’ ಎಂಬ ಹಡಗಿನಲ್ಲಿ ಯಾವ ಭೋಜನಶಾಲೆಯಲ್ಲಿ ಊಟವೆಂಬುದೂ ಕೋಣೆಯ ದರ್ಜೆಯ ಮೇಲೆಯೇ ಗೊತ್ತಾಗುತ್ತದೆ. ಆದರೆ ಪ್ರಾಣದ ವಿಚಾರದಲ್ಲಿಯಾದರೂ ಒಬ್ಬರ ‘ಸಾಕು’ ಇನ್ನೊಬ್ಬರ ಮೇಲೆ ಬೀಳುವುದು ತಪ್ಪಿದೆ. ಇದು ಸಣ್ಣ ಪ್ರಗತಿಯಲ್ಲ.

ಕಥೆಗೆ ಬರೋಣ. ನಾವು ಹರಾಜಿನಲ್ಲಿ ಕೂಗಲಿಲ್ಲ. ನಾನು ನನ್ನಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಲವತ್ತು ವರ್ಷಗಳಲ್ಲಿ ಬಹುಶಃ ಮೊದಲ ಬಾರಿಗೆ, ನಿನಗೆ ಏನು ಬೇಕು ಹೇಳು ಎಂದು ಕೇಳಿದೆ. ಅವಳಿಗೆ ಬೇಕಾದದ್ದು ಎರಡೇ: ಕಿಟಕಿ ಇರಬೇಕು, ಹಡಗು ಹೆಚ್ಚು ತೂಗಾಡಬಾರದು. ಬಸ್ಸಿನಲ್ಲಿ ಘಾಟಿ ಹತ್ತಿದರೂ ಅವಳಿಗೆ ಹೊಟ್ಟೆ ತೊಳಸುತ್ತದೆ. ಇಲ್ಲಿ ಒಂದು ಸೊಗಸಾದ ಸಂಗತಿಯಿದೆ. ಹಡಗು ಅಲೆಯ ಮೇಲೆ ಏರಿಳಿಯುವುದು ನಮ್ಮ ಹಳ್ಳಿಯ ಏತದಂತೆ. ಏತದ ಎರಡು ತುದಿಗಳು ಆಳಕ್ಕಿಳಿದು ಎತ್ತರಕ್ಕೇರುತ್ತಿರುವಾಗ ನಡುಗಂಬದ ಹತ್ತಿರ ಅಲುಗಾಟ ಅತ್ಯಲ್ಪ. ಆದ್ದರಿಂದ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತುಗಳಲ್ಲಿರುವ ಕೋಣೆಗಳೇ ನೆಮ್ಮದಿಯವು. ಹಣ ಸುರಿದು ಹರಾಜು ಗೆದ್ದಿದ್ದರೆ ತುದಿಯಲ್ಲೋ ನೆತ್ತಿಯಲ್ಲೋ ದೊಡ್ಡ ಕೋಣೆ ಸಿಕ್ಕಿ ಅವಳು ನಾಲ್ಕು ದಿನವೂ ನಿಂಬೆಹಣ್ಣು ಮೂಸುತ್ತ ಮಲಗಿರಬೇಕಾಗುತ್ತಿತ್ತೋ ಏನೋ. ಹಡಗಿನವರಿಗೆ ಬರೆದು, ಗೊತ್ತಾದ ವ್ಯತ್ಯಾಸದ ಹಣ ಕೊಟ್ಟು, ಕೆಳಗಿನ ಅಂತಸ್ತಿನ ನಟ್ಟನಡುವೆ ಒಂದು ಕಿಟಕಿಯ ಕೋಣೆ ಕೇಳಿದೆವು, ಸಿಕ್ಕಿತು. ಕೋಣೆ ಒಳಕೋಣೆಗಿಂತ ದೊಡ್ಡದೇನೂ ಅಲ್ಲ. ಸುಮಾರು ನೂರೈವತ್ತು ಚದರಡಿ. ನನಗೆ ಬೇಕಾಗಿದ್ದ ಸರಳತೆಗೂ ಧಕ್ಕೆಯಾಗಲಿಲ್ಲ.

ಮೊದಲ ರಾತ್ರಿ ಎರಡು ಗಂಟೆಯ ಹೊತ್ತಿಗೆ ನನಗೆ ಎಚ್ಚರವಾಯಿತು. ನನ್ನಾಕೆ ಕಿಟಕಿಯ ಬಳಿ ಕುಳಿತಿದ್ದಳು. ಮಲಾಕಾ ಜಲಸಂಧಿ ಹಡಗುಗಳ ಹೆದ್ದಾರಿ. ದೂರದಲ್ಲಿ ಸರಕು ಹಡಗುಗಳ ದೀಪಗಳು ಒಂದರ ಹಿಂದೊಂದು ತೇರಿನಂತೆ ಸಾಗುತ್ತಿದ್ದವು. “ನಿದ್ದೆ ಬರಲಿಲ್ಲವೇ?” ಎಂದೆ. “ಬಂತು. ಎದ್ದು ಕೂತೆ” ಎಂದಳು. ಕಣ್ಣು ಮುಚ್ಚಿದ ಮೇಲೆ ಕಿಟಕಿ ಯಾತಕ್ಕೆ ಎಂದು ಕೇಳಿದ್ದವನು ನಾನು. ಅವಳು ಕಣ್ಣು ಮುಚ್ಚಿಕೊಂಡೇ ಇರುತ್ತಾಳೆಂದು ನನಗೆ ಹೇಳಿದವರು ಯಾರು?

ಇಲ್ಲಿಗೆ ಮುಗಿದಿದ್ದರೆ ಇದು ಸುಖಾಂತದ ಕಥೆಯಾಗುತ್ತಿತ್ತು. ಆದರೆ ಮರುದಿನ ಬೆಳಿಗ್ಗೆ ಕೋಣೆ ಚೊಕ್ಕಟ ಮಾಡಲು ಬಂದ ಹುಡುಗ ನಾವು ಆಡುವುದನ್ನು ಕೇಳಿ, “ಸರ್, ನೀವು ಕನ್ನಡದವರಾ?” ಎಂದ. ಕಾರ್ಕಳದ ಕಡೆಯವನು. ಮಂಗಳೂರು, ಉಡುಪಿ, ಗೋವೆಗಳಿಂದ ಹಡಗಿನ ಕೆಲಸಕ್ಕೆ ಹೋಗುವವರು ಬಹಳ ಮಂದಿ. ಏಳು ತಿಂಗಳ ಒಪ್ಪಂದದಲ್ಲಿ ಐದು ತಿಂಗಳು ಕಳೆದಿತ್ತು. ನನ್ನಾಕೆ ಊರು, ತಾಯಿ, ತಂಗಿಯ ಮದುವೆ ಎಲ್ಲವನ್ನೂ ವಿಚಾರಿಸಿದಳು. ಕೊನೆಗೆ ಕೇಳಿದಳು:

“ನಿನ್ನ ಕೋಣೆಗೆ ಕಿಟಕಿ ಇದೆಯೇನಪ್ಪ?”

ಅವನು ನಕ್ಕ. “ನಮ್ಮದು ನೀರಿನ ಮಟ್ಟಕ್ಕಿಂತ ಕೆಳಗೆ ಅಮ್ಮ. ಇಬ್ಬರಿಗೆ ಒಂದು ರೂಮು. ಬೆಳಗಾಯ್ತೋ ಇಲ್ವೋ ಅಂತ ಗಡಿಯಾರ ನೋಡಿಯೇ ಗೊತ್ತಾಗ್ಬೇಕು. ಎಂತ ಮಾಡುದು, ಅಭ್ಯಾಸ ಆಗಿದೆ.”

ಊರಿಗೆ ಬಂದ ಮೇಲೆ ಹುಡುಕಿ ಓದಿದೆ. ನಾವಿಕರ ಕೆಲಸದ ನಿಯಮಗಳ ಬಗ್ಗೆ 2006ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ; 2013ರಿಂದ ಜಾರಿಯಲ್ಲಿದೆ, 2015ರಲ್ಲಿ ಭಾರತವೂ ಒಪ್ಪಿದೆ. ಅದು ಒಳ್ಳೆಯ ಒಪ್ಪಂದವೇ; ಅದಿಲ್ಲದಿದ್ದರೆ ಸ್ಥಿತಿ ಇನ್ನೂ ಕೆಡುತ್ತಿತ್ತು. ಪ್ರಯಾಣಿಕರ ಹಡಗಿನಲ್ಲಿ ಅಧಿಕಾರಿಗಳಲ್ಲದ ಇಬ್ಬರು ಕೆಲಸಗಾರರು ಮಲಗುವ ಕೋಣೆ ಏಳೂವರೆ ಚದರ ಮೀಟರಿಗಿಂತ ಕಡಿಮೆಯಿರಕೂಡದೆಂದು ಅದರಲ್ಲಿ ಬರೆದಿದೆ. ಎಂದರೆ ಸುಮಾರು ಎಂಬತ್ತು ಚದರಡಿ. ನಮ್ಮಿಬ್ಬರ ಕೋಣೆಯ ಅರ್ಧ. ನಾವಿದ್ದದ್ದು ನಾಲ್ಕು ರಾತ್ರಿ, ಅವನು ಏಳು ತಿಂಗಳು. ಹಾಸಿಗೆಯ ಉದ್ದವನ್ನು ಅಳೆದು ಇಷ್ಟು ಸಾಕೆಂದು ಬರೆದಿಟ್ಟದ್ದು ಅಂತೂ ಒಂದು ಕಡೆ ನನಗೆ ಸಿಕ್ಕಿತು. ಅದರ ಮೇಲೆ ಮಲಗುವ ಆ ಹುಡುಗನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಹಾಗಾದರೆ ನಾವು ಒಳಕೋಣೆಯಲ್ಲೇ ಇದ್ದಿದ್ದರೆ ಅವನಿಗೆ ಕಿಟಕಿ ಬರುತ್ತಿತ್ತೇ? ಇಲ್ಲ. ನಾವು ಸೂಟ್ ಹಿಡಿದಿದ್ದರೆ ಅವನ ಕೋಣೆ ಇನ್ನೂ ಕಿರಿದಾಗುತ್ತಿತ್ತೇ? ಅದೂ ಇಲ್ಲ. ಒಬ್ಬ ಪ್ರಯಾಣಿಕನ ತ್ಯಾಗದಿಂದಾಗಲಿ ಭೋಗದಿಂದಾಗಲಿ ಹಡಗಿನ ನಕ್ಷೆ ಬದಲಾಗುವುದಿಲ್ಲ. ಆದ್ದರಿಂದ ಇದರಲ್ಲಿ ನಮ್ಮ ಪಾಲೇನೂ ಇಲ್ಲವೆಂದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಅದು ಸಾಧ್ಯವಾಗಲಿಲ್ಲ. ಚಾಮರಾಜಪೇಟೆಯಲ್ಲೂ ನಾನು ಹೀಗೆಯೇ ಯೋಚಿಸಿದ್ದೆ: ಮನೆ ಕಟ್ಟಿಸಿದವನು ಕಿಟಕಿ ಇಡದಿದ್ದರೆ ನಾನೇನು ಮಾಡಲಿ? ಮಾಡಬಹುದಾಗಿದ್ದದ್ದು ಒಂದಿತ್ತು, ಕೇಳುವುದು. ಕೇಳಿದ್ದರೆ ಉತ್ತರ ಬರುತ್ತಿತ್ತು. ಬಂದಿದ್ದರೆ ಹಿಂದಿನ ಬೀದಿಗೆ ಹೋಗುತ್ತಿದ್ದೆವು. ಆ ಹುಡುಗನನ್ನು ನನ್ನಾಕೆ ಕೇಳಿದಳು. ಉತ್ತರ ಬಂತು. ಅದನ್ನು ತೆಗೆದುಕೊಂಡು ಎಲ್ಲಿಗೆ ಹೋಗಬೇಕೆಂಬುದು ನನಗೆ ಇನ್ನೂ ಹೊಳೆದಿಲ್ಲ. ಹೊಳೆಯುವ ತನಕ, ಅವನಿಗೆ ಅಷ್ಟು ಸಾಕು, ಅಭ್ಯಾಸವಾಗಿದೆ, ಎಂದು ಅವನ ಮಾತನ್ನೇ ಅವನಿಗೆ ತಿರುಗಿಸಿ ಹೇಳದಿರುವಷ್ಟು ಎಚ್ಚರವನ್ನಾದರೂ ಇಟ್ಟುಕೊಳ್ಳಬೇಕೆಂದಿದ್ದೇನೆ. ನನ್ನಾಕೆಗೂ ಹದಿಮೂರು ವರ್ಷ ಅಭ್ಯಾಸವಾಗಿತ್ತು.

ಕೊನೆಯ ದಿನ ಬೆಳಗಿನ ಜಾವ ಹಡಗು ಸಿಂಗಪುರವನ್ನು ಸಮೀಪಿಸುತ್ತಿತ್ತು. ಹುಡುಗ ಟವೆಲುಗಳನ್ನು ತೆಗೆದುಕೊಂಡು ಹೋಗಲು ಬಂದ. ನನ್ನಾಕೆ ಚೀಲ ತುಂಬುವುದನ್ನು ನಿಲ್ಲಿಸಿ, “ಒಂದು ನಿಮಿಷ ಬಾಪ್ಪ, ಇಲ್ಲಿ ಕೂತ್ಕೋ” ಎಂದು ಕಿಟಕಿಯ ಬಳಿಯ ಕುರ್ಚಿಯನ್ನು ಎಳೆದುಕೊಟ್ಟಳು. “ಬೇಡ ಅಮ್ಮ, ಕೆಲಸ ಉಂಟು, ಇನ್ನೂ ಹತ್ತು ರೂಮು ಆಗ್ಬೇಕು” ಎಂದ. ಕೂರಲಿಲ್ಲ. ಆದರೆ ಟವೆಲುಗಳನ್ನು ಎದೆಗೊತ್ತಿಕೊಂಡು ಒಂದು ಗಳಿಗೆ ಅಲ್ಲೇ ನಿಂತ. ಹೊರಗೆ ಬೆಳಕು ಹರಿಯುತ್ತಿತ್ತು.